ಕಲ್ಲು ತೊಳೆದ ಕಥೆ

ಕಾರವಾರದಿಂದ ದಾಂಡೇಲಿಗೆ ಮನೆ ಬದಲಿಸಿದಾಗ ಆರು ವರ್ಷದ ಉಪ್ಪುನೀರಿನ ಅಕ್ವೇರಿಯಮ್ಮೂ ಜೊತೆಗೆ ಹೊರಟಿತು. ಕಾಳಿ ನದಿ ಸಮುದ್ರಕ್ಕೆ ಇಳಿದರೆ, ನಾವು ಸಮುದ್ರವನ್ನೇ ಡ್ರಮ್ಮಿಗೆ ತುಂಬಿಕೊಂಡು ಅಣಶಿ ಘಾಟಿ ಹತ್ತಿದೆವು. ಎರಡು ಕ್ಲೌನ್ ಮೀನು ನನ್ನ ಕಾಲ ಬಳಿ ಬಕೆಟ್ಟಿನಲ್ಲಿ, ಬ್ಯಾಟರಿ ಪಂಪಿನ ಜೊತೆ.

"ಹೊಸ ಮನೆಗೆ ಈ ನಾತ ಬ್ಯಾಡ" ಅಂತ ಆಯಿ ಕಲ್ಲು, ಮರಳನ್ನೆಲ್ಲ ನಲ್ಲಿನೀರಲ್ಲಿ ತಿಕ್ಕಿ ತೊಳೆದಳು. ಹಳೇ ನೀರು ಇದೆಯಲ್ಲ ಅಂತ ನಾನೂ ಸುಮ್ಮನಾದೆ. ಲೀಟರಿಗೆ 35 ಗ್ರಾಂ ಉಪ್ಪು, ಅದನ್ನಷ್ಟೇ ಅಳೆದೆ.

ಮೂರನೇ ದಿನ ಮೀನುಗಳು ಏದುಸಿರು ಬಿಡತೊಡಗಿದವು. ಅವುಗಳ ಹೊಲಸಿನ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೀರಲ್ಲಿ ಇರುವುದು ಅಲ್ಪ. ಅದರ ಮನೆ ಕಲ್ಲು, ಮರಳು. ಕ್ಲೋರಿನ್ ನೀರು ಆ ಮನೆಯನ್ನೇ ತೊಳೆದುಹಾಕಿತ್ತು. ದಿನಾ ನೀರು ಬದಲಿಸಿದರೂ ಉಳಿದದ್ದು ಒಂದೇ ಮೀನು.

ಈಗ ಕಲ್ಲಿನ ಮೇಲೆ ಪಾಚಿ ಕಂಡರೆ ಆಯಿಯೇ ಹೇಳುತ್ತಾಳೆ: "ಇರ್ಲಿ ಬಿಡು, ಮುಟ್ಬೇಡ."