ಗಾದೆಯ ಕರಡಿ, ದರೋಜಿಯ ಕರಡಿ

ಯಾರಾದರೂ ಗಾದೆ ಹೇಳಿದರೆ ನನಗೆ ಮೊದಲು ಕಾಣುವುದು ಅದರ ನೀತಿಯಲ್ಲ, ಅದರೊಳಗಿನ ಪ್ರಾಣಿ. ‘ಕೋಣನ ಮುಂದೆ ಕಿನ್ನರಿ’ ಅಂದರೆ, ಯಾವ ರಾಗ ನುಡಿಸಿದರು, ಕೋಣ ಕಿವಿಯಾದರೂ ಅಲ್ಲಾಡಿಸಿತೇ ಎಂದು ಕೇಳಬೇಕೆನಿಸುತ್ತದೆ. ಮನೆಯವರು ನಗುತ್ತಾರೆ. ಈ ಚಾಳಿ ನನ್ನನ್ನು ಯಾಕೆ ಬಿಟ್ಟಿಲ್ಲ ಎಂದು ಯೋಚಿಸಿದಾಗಲೆಲ್ಲ ನಮ್ಮೂರು ದರೋಜಿಯೇ ಉತ್ತರ ಕೊಡುತ್ತದೆ. ಗಾದೆಯಲ್ಲಿ ಬರುವುದೆಲ್ಲ ಇಲ್ಲಿ ಕಣ್ಣೆದುರಿಗೇ ಇದೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಮ್ಮ ಕಡೆಯ ಬೆಟ್ಟಗಳು ದೂರದಿಂದಲೇ ಬಂಡೆಗಳ ರಾಶಿ. ಹತ್ತಿರ ಹೋಗಿ ಕೈಯಾಡಿಸಿದರೇ ಕಲ್ಲು ನುಣ್ಣಗೆ. ಬೆಟ್ಟ ಅಗೆದು ಇಲಿ ಹಿಡಿದರಂತೆ. ಸಂಡೂರಿನಲ್ಲಿ ಬೆಟ್ಟ ಅಗೆದವರಿಗೆ ಸಿಕ್ಕಿದ್ದು ಕಬ್ಬಿಣದ ಅದಿರು, ಊರಿಗೆ ಸಿಕ್ಕಿದ್ದು ಕೆಂಧೂಳು.

ನಾಲಿಗೆಯ ಮೇಲೆ ಸರಸ್ವತಿ ಎಂಬ ಮಾತನ್ನಂತೂ ನಾನು ಅಕ್ಷರಶಃ ನಂಬುತ್ತೇನೆ. ಬುರ್ರಕಥಾ ಈರಮ್ಮ ಇದೇ ದರೋಜಿಯವರು. ಶಾಲೆಯ ಮುಖ ಕಾಣದ ಆ ತಾಯಿ 12 ಜನಪದ ಮಹಾಕಾವ್ಯಗಳನ್ನು ಬಾಯಲ್ಲೇ ಉಳಿಸಿಕೊಂಡಿದ್ದರು. 2014ರಲ್ಲಿ ತೀರಿಕೊಂಡರು.

ಇನ್ನು ‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’. 1994ರಲ್ಲಿ ಇಲ್ಲಿ ಕರಡಿಧಾಮ ಆಯಿತು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ. ಆಮೇಲೆ ಪೊದೆಯಿಂದ ಒಂದು ಕಪ್ಪು ಬೆನ್ನು ಮೇಲೇಳುತ್ತದೆ; ಕೆಲವೊಮ್ಮೆ ಆ ಬೆನ್ನಿನ ಮೇಲೆ ಮರಿಗಳು ಜೋತುಬಿದ್ದಿರುತ್ತವೆ. ತಾಯಿ ತಲೆ ತಗ್ಗಿಸಿ, ಬಂಡೆಯ ಒಂದೊಂದು ಬಿರುಕನ್ನೂ ನೆಕ್ಕುತ್ತದೆ. ಹುತ್ತ ಸಿಕ್ಕರೆ ಉದ್ದುಗುರಿನಿಂದ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮೇಲಿನ ಎರಡು ಮುಂಬಲ್ಲಿಲ್ಲದ ಸಂದಿಯಿಂದ ಗೆದ್ದಲನ್ನು ಸರ್ರನೆ ಹೀರುತ್ತದೆ. ಇಷ್ಟು ಏಕಾಗ್ರತೆ ನಾನು ಯಾವ ಪೂಜೆಯಲ್ಲೂ ಕಂಡಿಲ್ಲ. ಇಲ್ಲಿ ಪೂಜೆಗೆ ಕೂತಿರುವುದು ಕರಡಿ. ನಡುವೆ ನುಗ್ಗಿದವರು ನಾವು, ಜೀಪು, ಮೊಬೈಲು, ಚಿಪ್ಸಿನ ಪೊಟ್ಟಣದ ಸಮೇತ.

ಆದರೆ ನಸುಕಿನಲ್ಲಿ ಹೊಲಕ್ಕೆ ಹೊರಟ ರೈತನ ಎದುರು ಈ ತಿರುವು ಮುರುವನ್ನು ನಾನು ಆಡುವುದಿಲ್ಲ. ಅವನಿಗೆ ಎದುರಾಗುವ ಕರಡಿ ಗಾದೆಯದಲ್ಲ. ಹಿಂಗಾಲಲ್ಲಿ ನಿಂತು ನೇರ ಮುಖಕ್ಕೇ ಕೈ ಹಾಕುವಂಥದ್ದು. ಗಾದೆಯ ಪ್ರಾಣಿಯನ್ನು ನಿಜವೆಂದು ಎಣಿಸುವವನು ಅದರ ಉಗುರನ್ನೂ ನಿಜವೆಂದೇ ಎಣಿಸಬೇಕು.

ದರೋಜಿಗೆ ಬಂದರೆ ವೀಕ್ಷಣಾ ಗೋಪುರದ ಮೇಲೆ ದಯವಿಟ್ಟು ದನಿ ಎತ್ತಬೇಡಿ, ಮೊಬೈಲಿನ ಸದ್ದು ಅಡಗಿಸಿ. ಕತ್ತಲಾಗುವ ಮುಂಚೆ ಇಳಿದು ಹೊರಡಿ.