ಸಿದ್ಧಾರ್ಥ್ ದೇಸಾಯಿಯನ್ನು ಬಿಟ್ಟ ಮುಂಬಾ

ಗಡಹಿಂಗ್ಲಜದ ನಮ್ಮ ಯುವಕೂಟ ಮುಗಿದ ಮೇಲೂ ಮುಗಿಯದ ವಾದ ಒಂದಿದೆ: 2019ರಲ್ಲಿ ಯು ಮುಂಬಾ ಸಿದ್ಧಾರ್ಥ್ ದೇಸಾಯಿಯನ್ನು ಬಿಟ್ಟದ್ದು ಸರಿಯೇ? ಪಕ್ಕದ ಚಂದಗಡ ತಾಲೂಕಿನವರು, ಹಾಗಾಗಿ ಇಲ್ಲಿ ಎಲ್ಲರಿಗೂ ಸಿಟ್ಟು.

2018ರಲ್ಲಿ ಮುಂಬಾ ಕೊಟ್ಟದ್ದು 36.4 ಲಕ್ಷ; ಅವರು 21 ಪಂದ್ಯಗಳಲ್ಲಿ 218 ರೈಡ್ ಅಂಕ ತಂದರು. ಮರುವರ್ಷದ ಹರಾಜಿನಲ್ಲಿ ತೆಲುಗು ಟೈಟನ್ಸ್ 1.45 ಕೋಟಿ ಸುರಿಯಿತು. ತಂಡವೊಂದರ ಒಟ್ಟು ಮಿತಿಯೇ 4.4 ಕೋಟಿ! ಅಲ್ಲಿಯೂ ಅವರು 217 ಅಂಕ ಗಳಿಸಿದರು. ಆದರೂ ಟೈಟನ್ಸ್ 12 ತಂಡಗಳಲ್ಲಿ 11ನೆಯದು. ಫಜಲ್ ಅತ್ರಾಚಲಿಯ ಹಿಡಿತವನ್ನು ಉಳಿಸಿಕೊಂಡ ಮುಂಬಾ ಸೆಮಿಫೈನಲ್ ಮುಟ್ಟಿತು. ಬೇಸರವಾದರೂ ಹೇಳುತ್ತೇನೆ, ಮುಂಬಾದ ಲೆಕ್ಕ ಸರಿಯಿತ್ತು. ಟೈಟನ್ಸ್ ಸೋತದ್ದು ದೇಸಾಯಿಯವರಿಂದಲ್ಲ, ಉಳಿದ ಆರು ಜನರ ಆಯ್ಕೆಯಿಂದ.

ಈಗ ನಮ್ಮ ರೈಡರ್ ಕೂಡ ಇಚಲಕರಂಜಿಯ ಪವರ್‌ಲೂಮ್ ಕೆಲಸಕ್ಕೆ ಹೋಗಿದ್ದಾನೆ. ಮನೆಗೆ ಸಂಬಳ ಬೇಕು, ತಡೆಯುವವರು ಯಾರು? ಕೊಲ್ಹಾಪುರದಿಂದ ಹುಡುಗನೊಬ್ಬನನ್ನು ಹಣ ಕೊಟ್ಟು ಕರೆಸೋಣ ಎಂದು ಕೆಲವರ ಹಟ. ನಾನು ಒಪ್ಪುವುದಿಲ್ಲ. ನಮ್ಮ ಕಾರ್ನರ್ ಜೋಡಿ ಹಾಗೇ ಇದೆ. ಎರಡು ವರ್ಷದಿಂದ ಹೊರಗೆ ಕೂತು ಚಪ್ಪಾಳೆ ತಟ್ಟಿದ ಮೂವರು ಇದ್ದಾರೆ. ರೈಡಿಗೆ ಮೊದಲು ಅವರು ಹೋಗಲಿ. ಭಾನುವಾರ ಬಲಿಪೂಜೆಯ ನಂತರ ಅಭ್ಯಾಸ, ವಿರೋಧವಿದ್ದವರೂ ಬನ್ನಿ.