ಹರಿವ ನೀರಿಗೆ ಹಲಗೆ

ಹಗರಿಬೊಮ್ಮನಹಳ್ಳಿ ಸೀಮೆಯ ತರುಣನೊಬ್ಬ ಬೆಂಗಳೂರಿನ ಕಚೇರಿಯೊಂದರಲ್ಲಿ ಯುನಿಕ್ಸ್ ಸರ್ವರಿನ ಪಾಲಕ. ಯಂತ್ರವನ್ನು ನಿಲ್ಲಿಸದೆಯೇ ಅದರ ಕೆಟ್ಟ ಬೋರ್ಡನ್ನು ಬದಲಿಸುವುದು ಅವನ ವಿದ್ಯೆ. ಮೊದಲು ಆ ಬೋರ್ಡಿನ ಪ್ರೊಸೆಸರುಗಳ ಕೆಲಸವನ್ನೂ ಮೆಮರಿಯಲ್ಲಿದ್ದುದನ್ನೂ ಉಳಿದ ಬೋರ್ಡುಗಳಿಗೆ ಸಾಗಿಸಬೇಕು. ಬಳಿಕ ಅದರ ವಿದ್ಯುತ್ತನ್ನು ತಪ್ಪಿಸಬೇಕು. ತೆಗೆಯಬಹುದೆಂದು ದೀಪ ಸೂಚಿಸಿದ ಮೇಲಷ್ಟೇ ಕೈಹಾಕಬೇಕು. ಹೊಸದನ್ನು ಕೂರಿಸಿದರೂ ಪರೀಕ್ಷಿಸದೆ ಹೊರೆ ಹೊರಿಸಲಾಗದು. ಒಮ್ಮೆ ಅವಸರದಲ್ಲಿ ದೀಪ ನೋಡದೆ ಎಳೆದುಬಿಟ್ಟ. ಕಚೇರಿಯ ಕೆಲಸವೆಲ್ಲ ಸ್ತಬ್ಧವಾಯಿತು. ಅಂದಿನಿಂದ ಅವನ ಕೈಗೆ ಅಂಜಿಕೆ ಹತ್ತಿತು.

2024ರ ಆಗಸ್ಟ್ 10ರ ರಾತ್ರಿ ಅವನು ಊರಿನಲ್ಲಿದ್ದ. ಸರಪಳಿ ತುಂಡಾಗಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಹಿನ್ನೀರನ್ನೇ ನಂಬಿ ಬೇಸಾಯ ಮಾಡುವ ತಂದೆಗೆ ನಿದ್ದೆ ಹತ್ತಲಿಲ್ಲ. ಇತರ ಗೇಟುಗಳನ್ನು ತೆರೆದು ಒತ್ತಡವನ್ನು ಇಳಿಸಿದರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಧುಮ್ಮಿಕ್ಕುವ ನೀರಿನಲ್ಲಿಯೇ, ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿದರು. 17ರಂದು ಗಂಡಿ ಮುಚ್ಚಿತು.

“ನಿನ್ನ ಯಂತ್ರಕ್ಕೂ ಹೀಗೆಯೇ ಏನಪ್ಪಾ?” ಎಂದರು ತಂದೆ.

“ಹೀಗೆಯೇ, ಅಪ್ಪಾ. ಮೊದಲು ಭಾರ ಇಳಿಸಬೇಕು.”

ಮರುವಾರ ಅವನು ದೀಪಕ್ಕಾಗಿ ಕಾದು ಬೋರ್ಡನ್ನು ಕಳಚಿದ. ಕಚೇರಿಯಲ್ಲಿ ಯಾರಿಗೂ ತಿಳಿಯಲೇ ಇಲ್ಲ.